ಡಿಸ್ಕ್ ನಂಬರ್ ಅಳಿಸಬೇಡಿ

ಹಳೆಯ ಕಂಪ್ಯೂಟರ್ ಯೂಸರ್ ಗ್ರೂಪ್‌ಗಳ ಡಿಸ್ಕ್ ಲೈಬ್ರರಿಗಳಲ್ಲಿದ್ದ ಫ್ಲಾಪಿಗಳನ್ನು ಈಗ ಎಷ್ಟೋ ಜನ ಉಳಿಸುತ್ತಿದ್ದಾರೆ. ತುಂಬಾ ಒಳ್ಳೆಯ ಕೆಲಸ. ಆದರೆ ಒಂದು ಅಭ್ಯಾಸ ಅಲ್ಲಲ್ಲಿ ಕಾಣಿಸುತ್ತದೆ. ಡಿಸ್ಕ್ ತೆರೆಯುವುದು, ಒಳಗಿರುವ ಆಟಗಳನ್ನೋ ಒಳ್ಳೆಯ ಟೂಲ್‌ಗಳನ್ನೋ ಮಾತ್ರ ಆರಿಸಿಕೊಳ್ಳುವುದು, "ಆಟಗಳು", "ಎಡಿಟರ್‌ಗಳು" ಅಂತ ಹೊಸ ಫೋಲ್ಡರ್ ಮಾಡಿ ಅದರೊಳಗೆ ಸೇರಿಸುವುದು. ಅಲ್ಲಿಗೆ ಪ್ರೋಗ್ರಾಂ ಉಳಿಯಿತು. ಜೊತೆಗಿದ್ದ ವಿವರಣೆ, ಚೆಕ್ ನಂಬರ್‌ಗಳ ಪಟ್ಟಿ, ಅದೇ ಪ್ರೋಗ್ರಾಮಿನ ಹಳೆಯ ಆವೃತ್ತಿ, ಕೊನೆಗೆ ಡಿಸ್ಕಿನ ನಂಬರ್ ಕೂಡ ಹೋಯಿತು. ಇದನ್ನು ನೋಡಿದಾಗಲೆಲ್ಲ ನನಗೆ ತುಂಬಾ ಸಂಕಟವಾಗುತ್ತದೆ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಇಂಟರ್ನೆಟ್ ಜೊತೆಗೇ ಬೆಳೆದವರಿಗೆ ಈ ಲೈಬ್ರರಿಗಳು ಏನು ಅಂತ ಮೊದಲು ಹೇಳಬೇಕು. ಎಪ್ಪತ್ತರ ದಶಕದ ಕೊನೆಯಿಂದ ತೊಂಬತ್ತರ ದಶಕದ ಮೊದಲ ವರ್ಷಗಳವರೆಗಿನ ಮಾತಿದು. ಮನೆಗೆ ಕಂಪ್ಯೂಟರ್ ಬಂದಿತ್ತು, ಆದರೆ ಅದಕ್ಕೆ ಬೇಕಾದ ಪ್ರೋಗ್ರಾಂ ಎಲ್ಲಿಂದ ತರುವುದು? ದುಡ್ಡು ಕೊಟ್ಟು ಕೊಳ್ಳಬೇಕು, ಇಲ್ಲವೇ ಪತ್ರಿಕೆಯಲ್ಲಿ ಅಚ್ಚಾದದ್ದನ್ನು ಸಾಲು ಸಾಲಾಗಿ ಟೈಪ್ ಮಾಡಬೇಕು, ಇಲ್ಲವೇ ತಾವೇ ಬರೆಯಬೇಕು. ಹಾಗಾಗಿ ಒಂದೇ ಥರದ ಯಂತ್ರ ಇದ್ದವರು ಸೇರಿ ಗುಂಪು ಕಟ್ಟಿಕೊಂಡರು. ಒಬ್ಬ ತನ್ನ ಪ್ರಿಂಟರ್‌ಗೆ ಅಂತ ಒಂದು ಚಿಕ್ಕ ಪ್ರೋಗ್ರಾಂ ಬರೆದಿರುತ್ತಾನೆ, ಅದೇ ಪ್ರಿಂಟರ್ ಇರುವ ಇನ್ನೊಬ್ಬನಿಗೆ ಅದು ಬೇಕು. ಕಾಪಿ ಮಾಡಿ ಕೊಟ್ಟರೆ ಆಯಿತು. ಹೀಗೆ ಕೊಟ್ಟದ್ದು ತಗೊಂಡದ್ದು ಬೆಳೆಯುತ್ತಾ ಹೋದಾಗ ಯಾರೋ ಒಬ್ಬರು ಎಲ್ಲವನ್ನೂ ಒಂದು ಕಡೆ ಇಟ್ಟುಕೊಳ್ಳಬೇಕಾಯಿತು, ಯಾವ ಡಿಸ್ಕಿನಲ್ಲಿ ಏನಿದೆ ಅಂತ ಬರೆದಿಡಬೇಕಾಯಿತು, ಕೇಳಿದವರಿಗೆ ಖಾಲಿ ಡಿಸ್ಕಿನ ಖರ್ಚು ಮತ್ತು ಅಂಚೆ ಖರ್ಚು ತಗೊಂಡು ಕಳಿಸಬೇಕಾಯಿತು. ಕೆಲವು ಗುಂಪುಗಳಲ್ಲಿ ನೀವೊಂದು ಹೊಸ ಪ್ರೋಗ್ರಾಂ ಕೊಟ್ಟರೆ ಲೈಬ್ರರಿಯ ಒಂದು ಡಿಸ್ಕ್ ನಿಮಗೆ ಸುಮ್ನೆ ಸಿಗುತ್ತಿತ್ತು.

ಈ ಪದ್ಧತಿ ಮನೆ ಕಂಪ್ಯೂಟರ್‌ಗಿಂತ ಹಳೆಯದು. ಐಬಿಎಂನ ದೊಡ್ಡ ಯಂತ್ರಗಳನ್ನು ಬಳಸುವವರು 1955ರಲ್ಲೇ 'ಶೇರ್' ಅನ್ನುವ ಗುಂಪು ಮಾಡಿಕೊಂಡಿದ್ದರು. ಡಿಇಸಿ ಕಂಪನಿಯ ಯಂತ್ರಗಳನ್ನು ಬಳಸುವವರ 'ಡೆಕಸ್' 1961ರಲ್ಲಿ ಶುರುವಾಯಿತು, ಅದಕ್ಕೂ ತನ್ನದೇ ಪ್ರೋಗ್ರಾಂ ಲೈಬ್ರರಿ ಇತ್ತು. ಆದರೆ ಅಲ್ಲಿದ್ದವು ಕಂಪನಿಗಳು, ವಿಶ್ವವಿದ್ಯಾಲಯಗಳು. ಸಾಮಾನ್ಯ ಜನ ಬಂದದ್ದು 1975ರ ಮಾರ್ಚ್‌ನಲ್ಲಿ, ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನ ಒಂದು ಗ್ಯಾರೇಜಿನಲ್ಲಿ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಮೊದಲ ಸಲ ಸೇರಿದಾಗ. ಅಲ್ಲಿ ಆಲ್ಟೇರ್ ಅನ್ನುವ ಕಂಪ್ಯೂಟರಿಗೆ ಮೈಕ್ರೋಸಾಫ್ಟ್ ಮಾಡಿದ್ದ ಬೇಸಿಕ್ ಭಾಷೆ ಇದ್ದ ಪೇಪರ್ ಟೇಪ್ ಕಾಪಿಯಾಗಿ ಕೈಯಿಂದ ಕೈಗೆ ಹೋಯಿತು. 1976ರ ಫೆಬ್ರವರಿಯಲ್ಲಿ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ನೀವು ಮಾಡುತ್ತಿರುವುದು ಕಳ್ಳತನ ಅಂದದ್ದು ಎಲ್ಲರಿಗೂ ಗೊತ್ತು. ಆ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ಅದೇ ಹೊತ್ತಿಗೆ ಇನ್ನೊಂದು ಕೆಲಸವೂ ನಡೆಯುತ್ತಿತ್ತು, ನನಗೆ ಅದೇ ಮುಖ್ಯ. ಪೀಪಲ್ಸ್ ಕಂಪ್ಯೂಟರ್ ಕಂಪನಿಯ ಪತ್ರಿಕೆಯಲ್ಲಿ ಡೆನಿಸ್ ಆಲಿಸನ್ ಟೈನಿ ಬೇಸಿಕ್ ಅನ್ನುವ ಪುಟ್ಟ ಭಾಷೆಯ ನಕ್ಷೆ ಹಾಕಿದರು. ಓದುಗರು ತಮ್ಮ ತಮ್ಮ ಯಂತ್ರಕ್ಕೆ ಅದನ್ನು ಬರೆದು ಕಳಿಸಿದರು. 1976ರ ಜನವರಿಯಲ್ಲಿ ಅದಕ್ಕೆ ಅಂತಲೇ ಡಾ. ಡಾಬ್ಸ್ ಜರ್ನಲ್ ಶುರುವಾಯಿತು. ಬೇರೆಯವರದ್ದನ್ನು ಕಾಪಿ ಮಾಡುವ ಬದಲು ನಮ್ಮದನ್ನೇ ಬರೆದು ಎಲ್ಲರಿಗೂ ಕೊಡೋಣ ಅಂದವರ ದಾರಿ ಅದು. ಡಿಸ್ಕ್ ಲೈಬ್ರರಿಗಳು ಬೆಳೆದದ್ದು ಆ ದಾರಿಯಲ್ಲಿ.

ಅವು ನಿಜವಾಗಿ ಬೇರು ಬಿಟ್ಟದ್ದು ಸಿಪಿ/ಎಂ ಲೋಕದಲ್ಲಿ. ಗ್ಯಾರಿ ಕಿಲ್ಡಾಲ್ ಮಾಡಿದ ಈ ಆಪರೇಟಿಂಗ್ ಸಿಸ್ಟಂ ಬೇರೆ ಬೇರೆ ಕಂಪನಿಗಳ ಯಂತ್ರಗಳಲ್ಲಿ ಓಡುತ್ತಿತ್ತು. ಹಾಗಾಗಿ ಒಬ್ಬರು ಬರೆದದ್ದು ಇನ್ನೊಬ್ಬರ ಯಂತ್ರದಲ್ಲೂ ನಡೆಯುವ ಸಾಧ್ಯತೆ ಇತ್ತು. ಎಲ್ಲರಿಗೂ ಓದಲು ಬರುವ ಒಂದು ಡಿಸ್ಕ್ ಕೂಡ ಇತ್ತು: 8 ಇಂಚಿನ ಫ್ಲಾಪಿ, ಒಂದೇ ಮಗ್ಗುಲು, 77 ಟ್ರ್ಯಾಕ್, ಪ್ರತಿ ಟ್ರ್ಯಾಕ್‌ನಲ್ಲಿ 26 ಸೆಕ್ಟರ್, ಪ್ರತಿ ಸೆಕ್ಟರ್‌ನಲ್ಲಿ 128 ಬೈಟ್. ಗುಣಿಸಿದರೆ 2,56,256 ಬೈಟ್. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಅಷ್ಟರಲ್ಲೇ ಹತ್ತಾರು ಪ್ರೋಗ್ರಾಂ, ಅವುಗಳ ಸೋರ್ಸ್ ಕೋಡ್ (ಪ್ರೋಗ್ರಾಂ ಬರೆದವರ ಮೂಲ ಸಾಲುಗಳು), ಬಳಸುವ ಬಗೆ ಎಲ್ಲ ಇರುತ್ತಿತ್ತು. ನ್ಯೂಯಾರ್ಕ್‌ನ ಲೈಫ್‌ಬೋಟ್ ಅಸೋಸಿಯೇಟ್ಸ್‌ನ ಟೋನಿ ಗೋಲ್ಡ್ ಶುರು ಮಾಡಿದ ಸಿಪಿ/ಎಂ ಯೂಸರ್ಸ್ ಗ್ರೂಪ್ ಇಂಥ ಡಿಸ್ಕ್‌ಗಳನ್ನು ಒಂದೊಂದಕ್ಕೂ ನಂಬರ್ ಕೊಟ್ಟು ಹೊರತರುತ್ತಾ ಹೋಯಿತು. ನ್ಯೂಜೆರ್ಸಿಯ ಹವ್ಯಾಸಿಗಳ ಗುಂಪಿನಿಂದ ಬಂದ 'ಸಿಗ್/ಎಂ' ಅದರ ಜೊತೆ ನಿಂತಿತು. ಸುಧಾರಿಸಿದ ಆವೃತ್ತಿ ಬಂದರೆ ಸಾಮಾನ್ಯವಾಗಿ ಮುಂದಿನ ಯಾವುದೋ ನಂಬರಿನ ಡಿಸ್ಕ್‌ನಲ್ಲಿ ಬರುತ್ತಿತ್ತು. ಹಳೆಯ ಡಿಸ್ಕ್ ಹಾಗೇ ಇರುತ್ತಿತ್ತು.

ಹಾಗೇ ಇದ್ದದ್ದರಿಂದ ಏನು ಸಿಗುತ್ತದೆ ಅಂತ ತೋರಿಸಲು ವಾರ್ಡ್ ಕ್ರಿಸ್ಟೆನ್ಸನ್ ಅವರ ಪ್ರೋಗ್ರಾಂ ಒಂದೇ ಸಾಕು. 1977ರಲ್ಲಿ ಅವರು ಎರಡು ಕಂಪ್ಯೂಟರ್‌ಗಳ ನಡುವೆ ಫೈಲ್ ಕಳಿಸಲು 'ಮೋಡೆಮ್' ಅನ್ನುವ ಪ್ರೋಗ್ರಾಂ ಬರೆದು ಯೂಸರ್ಸ್ ಗ್ರೂಪ್‌ಗೆ ಕೊಟ್ಟುಬಿಟ್ಟರು. ಫೈಲನ್ನು 128 ಬೈಟಿನ ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ನಂಬರ್ ಮತ್ತು ಕೂಡಿಸಿದ ಲೆಕ್ಕ ಸೇರಿಸಿ ಕಳಿಸುವುದು. ಲೆಕ್ಕ ತಾಳೆಯಾಗದಿದ್ದರೆ ಅದೇ ತುಂಡನ್ನು ಮತ್ತೆ ಕಳಿಸುವುದು. 128 ಯಾಕೆ? ಸಿಪಿ/ಎಂ ಡಿಸ್ಕಿನ ಸೆಕ್ಟರ್ 128 ಬೈಟ್, ಅದಕ್ಕೆ. ಎಕ್ಸ್‌ಮೋಡೆಮ್ ಅಂತ ಮುಂದೆ ಜಗತ್ತಿಗೆಲ್ಲ ಗೊತ್ತಾದ ವಿಧಾನ ಇದೇ. ಅವರೇ ರ‍್ಯಾಂಡಿ ಸೂಸ್ ಜೊತೆ ಸೇರಿ 1978ರ ಫೆಬ್ರವರಿ 16ರಂದು ಶಿಕಾಗೋದಲ್ಲಿ ಮೊದಲ ಬುಲೆಟಿನ್ ಬೋರ್ಡ್, ಅಂದರೆ ಬೇರೆಯವರು ಫೋನ್ ಲೈನ್ ಮೂಲಕ ಬಂದು ಸಂದೇಶ ಬಿಟ್ಟುಹೋಗುವ ಕಂಪ್ಯೂಟರ್, ಶುರು ಮಾಡಿದ್ದು.

ಈ ಪ್ರೋಗ್ರಾಮಿನ ಸೋರ್ಸ್ ಕೋಡ್ ಜೊತೆಗೇ ಬರುತ್ತಿತ್ತು, ಬರಲೇಬೇಕಿತ್ತು. ಒಂದೊಂದು ಕಂಪ್ಯೂಟರಿನಲ್ಲಿ ಹೊರಗಿನ ಸಾಧನ ಜೋಡಿಸುವ ಸೀರಿಯಲ್ ಪೋರ್ಟ್ ಒಂದೊಂದು ವಿಳಾಸದಲ್ಲಿ ಇರುತ್ತಿತ್ತು. ಹಾಗಾಗಿ ಡಿಸ್ಕ್ ತರಿಸಿಕೊಂಡವರು ಮೊದಲು ಸೋರ್ಸ್ ಫೈಲ್ ತೆರೆದು, ಮೇಲಿನ ಸಾಲುಗಳಲ್ಲಿ ತಮ್ಮ ಯಂತ್ರದ ವಿಳಾಸ ತುಂಬಿ, ಸೋರ್ಸನ್ನು ಯಂತ್ರದ ಭಾಷೆಗೆ ತಿರುಗಿಸಲು ಸಿಪಿ/ಎಂ ಜೊತೆಗೇ ಬಂದಿದ್ದ ಅಸೆಂಬ್ಲರ್‌ನಿಂದ ತಾವೇ ಪ್ರೋಗ್ರಾಂ ತಯಾರಿಸಿಕೊಳ್ಳಬೇಕಿತ್ತು. ಹೀಗೆ ತೆರೆದವರು ಬರೀ ವಿಳಾಸ ತುಂಬಿ ಸುಮ್ಮನಾಗುತ್ತಾರಾ? ಒಬ್ಬರು ಒಂದು ಹೊಸ ಕಮಾಂಡ್ ಸೇರಿಸಿದರು, ಇನ್ನೊಬ್ಬರು ಕೂಡಿಸುವ ಲೆಕ್ಕಕ್ಕಿಂತ ಗಟ್ಟಿಯಾದ ಸಿಆರ್‌ಸಿ ಲೆಕ್ಕ ತಂದರು, ಮತ್ತೊಬ್ಬರು ತಮ್ಮ ಮೋಡೆಮ್ (ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಸಾಧನ) ತಾನೇ ಡಯಲ್ ಮಾಡುವಂತೆ ಮಾಡಿದರು. ಪ್ರತಿಯೊಬ್ಬರೂ ಸೋರ್ಸ್ ಫೈಲಿನ ತಲೆಯಲ್ಲಿ ತಾರೀಖು, ಹೆಸರು, ಏನು ಬದಲಾಯಿಸಿದೆ ಅಂತ ಒಂದೆರಡು ಸಾಲು ಬರೆದು ಹೋದರು. ಹಳೆಯ ಕಂಪ್ಯೂಟರಿನ ಹಾಗೇ ನಡೆದುಕೊಳ್ಳುವ ಎಮ್ಯುಲೇಟರ್ ಪ್ರೋಗ್ರಾಂನಲ್ಲಿ ಬೇರೆ ಬೇರೆ ನಂಬರಿನ ಡಿಸ್ಕ್‌ಗಳನ್ನು ಒಂದಾದ ಮೇಲೊಂದು ತೆರೆದು ಆ ತಲೆಸಾಲುಗಳನ್ನು ಓದುವುದು ನನಗೆ ಬಹಳ ಇಷ್ಟ. ಒಬ್ಬರ ಮುಖ ಒಬ್ಬರು ನೋಡದ ಜನ ಒಂದೇ ಪ್ರೋಗ್ರಾಮನ್ನು ವರ್ಷಗಟ್ಟಲೆ ಸೇರಿ ತಿದ್ದಿದ್ದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಕೊನೆಯ ಆವೃತ್ತಿ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು "ಡೂಪ್ಲಿಕೇಟ್" ಅಂತ ತೆಗೆದರೆ ಕಳೆದುಹೋಗುವುದು ಇದೇ.

ಇನ್ನು ಲೈಬ್ರೇರಿಯನ್. ಈ ಇಡೀ ವ್ಯವಸ್ಥೆಯಲ್ಲಿ ಎಲ್ಲರಿಗಿಂತ ಜಾಸ್ತಿ ಕೆಲಸ ಮಾಡಿ ಎಲ್ಲರಿಗಿಂತ ಕಡಿಮೆ ಹೆಸರು ಪಡೆದವರು ಇವರು. ಸದಸ್ಯರು ಕಳಿಸಿದ ಡಿಸ್ಕ್ ಮೊದಲು ಓದಲು ಬರಬೇಕಲ್ಲ? 8 ಇಂಚಿನದಾದರೆ ಸರಿ. 5.25 ಇಂಚಿನ ಫ್ಲಾಪಿ ಬಂದ ಮೇಲೆ ಕಂಪನಿಗೊಂದು ಫಾರ್ಮ್ಯಾಟ್ ಆಯಿತು. ಆಸ್ಬೋರ್ನ್ ಕಂಪ್ಯೂಟರಿನ ಡಿಸ್ಕನ್ನು ಕೇಪ್ರೋ ಕಂಪ್ಯೂಟರಿಗೆ ಹಾಕಿದರೆ ನೇರವಾಗಿ ಓದುತ್ತಿರಲಿಲ್ಲ, ಮಧ್ಯೆ ಪರಿವರ್ತಿಸುವ ಪ್ರೋಗ್ರಾಂ ಬೇಕು. ಓದಿದ ಮೇಲೆ ಪ್ರೋಗ್ರಾಂ ಓಡುತ್ತದಾ ನೋಡಬೇಕು. ಇದು ಬರೆದವರೇ ಕೊಟ್ಟದ್ದಾ, ಅಥವಾ ಯಾರೋ ಅಂಗಡಿಯಿಂದ ತಂದದ್ದನ್ನು ಹೆಸರು ಬದಲಿಸಿ ತೂರಿಸಿದ್ದಾರಾ ನೋಡಬೇಕು. ಹಿಂದಿನ ಡಿಸ್ಕ್‌ನಲ್ಲಿ ಇದೇ ಇತ್ತಾ ನೋಡಬೇಕು. ಆಮೇಲೆ ಒಂದೊಂದು ಫೈಲಿಗೂ ಒಂದೊಂದು ಸಾಲಿನ ವಿವರಣೆ. ಎಂಟು ಅಕ್ಷರದ ಫೈಲ್ ಹೆಸರಿನಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಆ ಸಾಲಿನಿಂದಲೇ ಗೊತ್ತಾಗಬೇಕು. ಒಳ್ಳೆಯ ಲೈಬ್ರೇರಿಯನ್‌ಗಳು ಬರೆದ ಕ್ಯಾಟಲಾಗ್‌ಗಳಲ್ಲಿ "ಇದು ದೊಡ್ಡ ಫೈಲಿಗೆ ಆಗುವುದಿಲ್ಲ", "ಸೋರ್ಸ್ ಇಲ್ಲ", "ಇದಕ್ಕೆ ಇಷ್ಟು ಮೆಮೊರಿ ಬೇಕು" ಅನ್ನುವಂಥ ಮಾತುಗಳಿರುತ್ತವೆ. ಪ್ರೋಗ್ರಾಂ ಬಳಸಿ ನೋಡದೆ ಅದನ್ನು ಬರೆಯಲು ಆಗುವುದಿಲ್ಲ.

ಆ ಕ್ಯಾಟಲಾಗ್ ಫೈಲಿನ ಹೆಸರನ್ನು ಗಮನಿಸಿದ್ದೀರಾ? ಸಿಪಿ/ಎಂ ಡಿಸ್ಕ್‌ಗಳಲ್ಲಿ ಅದು ಒಂದು ಅಡ್ಡಗೆರೆಯಿಂದ ಶುರುವಾಗುತ್ತದೆ, ಕೊನೆಯಲ್ಲಿ ಡಿಸ್ಕಿನ ನಂಬರ್ ಇರುತ್ತದೆ. ಅಕ್ಷರಗಳಿಗಿಂತ ಅಡ್ಡಗೆರೆ ಮೊದಲು ಬರುವುದರಿಂದ, ಹೆಸರುಗಳನ್ನು ಜೋಡಿಸಿ ತೋರಿಸಿದಾಗ ಅದು ಪಟ್ಟಿಯ ತಲೆಯಲ್ಲೇ ನಿಲ್ಲುತ್ತದೆ. ಡಿಸ್ಕಿನ ಮೇಲಿನ ಚೀಟಿ ಕಿತ್ತುಹೋದರೂ ಒಳಗೆ ಗುರುತು ಇರಲಿ ಅನ್ನುವ ಮುಂದಾಲೋಚನೆ ಅದು. ಅದರ ಪಕ್ಕದಲ್ಲಿ ಇನ್ನೊಂದು ಫೈಲ್: ಡಿಸ್ಕ್‌ನಲ್ಲಿರುವ ಫೈಲ್‌ಗಳ ಸಿಆರ್‌ಸಿ ನಂಬರ್‌ಗಳ ಪಟ್ಟಿ. ಕಾಪಿಯ ಕಾಪಿಯ ಕಾಪಿ ನಿಮ್ಮ ಕೈಗೆ ಬಂದಾಗ, ಅದು ಲೈಬ್ರೇರಿಯನ್ ಕೊಟ್ಟ ಹಾಗೇ ಇದೆಯಾ ಅಂತ ನೀವೇ ಲೆಕ್ಕ ಹಾಕಿ ತಾಳೆ ನೋಡಬಹುದಿತ್ತು. ಈಗಲೂ ನೋಡಬಹುದು! ನಲವತ್ತು ವರ್ಷ ಹಳೆಯ ಡಿಸ್ಕಿನ ಇಮೇಜ್ (ಇಡೀ ಡಿಸ್ಕ್ ಇದ್ದ ಹಾಗೇ ಕಾಪಿಯಾದ ಒಂದು ಫೈಲ್) ತೆಗೆದು, ಅದರಲ್ಲಿರುವ ಚೆಕ್ ಪ್ರೋಗ್ರಾಮನ್ನೇ ಓಡಿಸಿ, ನಂಬರ್‌ಗಳೆಲ್ಲ ಪಟ್ಟಿಯ ಜೊತೆ ಹೊಂದಿಕೊಂಡರೆ, ಒಂದು ಬೈಟೂ ಕೆಟ್ಟಿಲ್ಲ ಅಂತ ಧೈರ್ಯವಾಗಿ ನಂಬಬಹುದು. ಎಂಥ ಸಂತೋಷ ಅದು! ಪಟ್ಟಿಯ ಫೈಲನ್ನು "ಬೇಡದ್ದು" ಅಂತ ಅಳಿಸಿದವರು ಆ ಅವಕಾಶವನ್ನು ಎಲ್ಲರಿಂದಲೂ ಕಿತ್ತುಕೊಳ್ಳುತ್ತಾರೆ.

ಮಾಸ್ಟರ್ ಡಿಸ್ಕನ್ನು ಕಾಪಾಡುವುದೂ ಲೈಬ್ರೇರಿಯನ್ ಕೆಲಸವೇ. 5.25 ಇಂಚಿನ ಫ್ಲಾಪಿಯಲ್ಲಿ ಪಕ್ಕದ ಕಚ್ಚಿಗೆ ಟೇಪ್ ಅಂಟಿಸಿದರೆ ಅದರ ಮೇಲೆ ಬರೆಯಲು ಆಗುವುದಿಲ್ಲ. 8 ಇಂಚಿನದರಲ್ಲಿ ತಲೆಕೆಳಗು, ಕಚ್ಚು ತೆರೆದಿದ್ದರೆ ಡಿಸ್ಕ್ ಸುರಕ್ಷಿತ, ಟೇಪ್ ಅಂಟಿಸಿದರೆ ಬರೆಯಬಹುದು. ಎರಡೂ ಥರದ ಡಿಸ್ಕ್ ಇಟ್ಟುಕೊಂಡವರು ಇದನ್ನು ಸದಾ ನೆನಪಿಡಬೇಕಿತ್ತು. ಮುಂದೆ ವೈರಸ್‌ಗಳು ಬಂದವು. 1986ರ 'ಬ್ರೇನ್' ಐಬಿಎಂ ಪಿಸಿ ಫ್ಲಾಪಿಗಳ ಬೂಟ್ ಸೆಕ್ಟರ್‌ನಲ್ಲಿ (ಯಂತ್ರ ಶುರುವಾಗುವಾಗ ಮೊದಲು ಓದುವ ಜಾಗದಲ್ಲಿ) ಕೂರುತ್ತಿತ್ತು, 1987ರಲ್ಲಿ ಅಮಿಗಾ ಅನ್ನುವ ಕಂಪ್ಯೂಟರಿಗೂ ಎಸ್‌ಸಿಎ ಅನ್ನುವ ವೈರಸ್ ಬಂತು. ಡಿಸ್ಕ್ ಕಾಪಿ ಮಾಡಿ ಹಂಚುವುದೇ ಕೆಲಸವಾದ ಗುಂಪಿಗೆ ಇದಕ್ಕಿಂತ ದೊಡ್ಡ ಅಪಾಯ ಬೇರೆ ಇಲ್ಲ ಅಲ್ವಾ? ಒಂದು ಮಾಸ್ಟರ್ ಕೆಟ್ಟರೆ ಅದರಿಂದ ಹೋದ ಪ್ರತಿ ಕಾಪಿಯೂ ಕೆಟ್ಟಂತೆ.

ಜಾಗದ ಕೊರತೆಯನ್ನು ನೀಗಿಸಿದ ರೀತಿಯೂ ಚೆಂದ. ರಿಚರ್ಡ್ ಗ್ರೀನ್‌ಲಾ ಬರೆದ 'ಸ್ಕ್ವೀಜ್' ಫೈಲನ್ನು ಕುಗ್ಗಿಸುತ್ತಿತ್ತು, ಕುಗ್ಗಿದ ಫೈಲಿನ ಎಕ್ಸ್‌ಟೆನ್ಶನ್‌ನಲ್ಲಿ ನಡುವಿನ ಅಕ್ಷರ ಕ್ಯೂ ಆಗುತ್ತಿತ್ತು. ಸಣ್ಣ ಫೈಲ್‌ಗಳನ್ನು ಒಟ್ಟು ಕಟ್ಟಲು ಗ್ಯಾರಿ ನೊವೊಸೀಲ್ಸ್ಕಿ ಅವರ ಪ್ರೋಗ್ರಾಂ ಬಂತು. 1985ರಲ್ಲಿ ಪಿಸಿಗೆ 'ಆರ್ಕ್', 1989ರಲ್ಲಿ ಫಿಲ್ ಕಾಟ್ಜ್ ಅವರ ಪಿಕೆಜಿಪ್. ನಾವು ಇವತ್ತಿಗೂ ಜಿಪ್ ಮಾಡುತ್ತಿದ್ದೇವೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಸಣ್ಣ ಟೂಲ್ ಮಾತ್ರ 'ಫೈಂಡ್‌ಬ್ಯಾಡ್'. ಡಿಸ್ಕ್‌ನಲ್ಲಿ ಕೆಟ್ಟುಹೋದ ಜಾಗಗಳನ್ನು ಹುಡುಕಿ, ಅವೆಲ್ಲವನ್ನೂ ಒಂದು ಫೈಲಿಗೆ ಸೇರಿಸಿಬಿಡುತ್ತದೆ. ಆ ಜಾಗ ಆಗಲೇ ಬಳಕೆಯಲ್ಲಿದೆ ಅಂತ ಸಿಸ್ಟಂ ತಿಳಿದುಕೊಳ್ಳುತ್ತದೆ, ಅಲ್ಲಿ ಏನೂ ಬರೆಯಲು ಹೋಗುವುದಿಲ್ಲ. ಫ್ಲಾಪಿ ದುಬಾರಿಯಾಗಿದ್ದ ಕಾಲದಲ್ಲಿ ಅರ್ಧ ಕೆಟ್ಟ ಡಿಸ್ಕ್ ಕೂಡ ಬಳಸಲು ಬರುತ್ತಿತ್ತು.

ಸಿಪಿ/ಎಂ ಒಂದೇ ಅಲ್ಲ. ಕಮೋಡೋರ್ ಯಂತ್ರಗಳವರಿಗೆ ಟೊರೊಂಟೊ ಪೆಟ್ ಯೂಸರ್ಸ್ ಗ್ರೂಪ್ ದೊಡ್ಡ ಲೈಬ್ರರಿ ಕಟ್ಟಿತು. ಅಲ್ಲಿನ ಜಿಮ್ ಬಟರ್‌ಫೀಲ್ಡ್ ಬರೆದ 'ಸೂಪರ್‌ಮಾನ್', 'ಕಾಪಿ-ಆಲ್' ಥರದ ಟೂಲ್‌ಗಳು ಕಮೋಡೋರ್ ಇದ್ದ ಕಡೆಯೆಲ್ಲ ತಲುಪಿದವು. ಅಮಿಗಾದವರಿಗೆ ಫ್ರೆಡ್ ಫಿಶ್ ಇದ್ದರು. 1986ರಿಂದ 1994ರವರೆಗೆ ಅವರು ಒಂದೊಂದೇ ಡಿಸ್ಕ್ ಜೋಡಿಸುತ್ತಾ ಹೋದರು, ನಂಬರ್ ಸಾವಿರ ದಾಟಿತು. ಅಮಿಗಾ ಕ್ಲಬ್ ಎಲ್ಲಿದ್ದರೂ "ಫಿಶ್ ಡಿಸ್ಕ್ ಇಂತಿಷ್ಟನೇದು" ಅಂದರೆ ಸಾಕು, ಯಾವುದು ಅಂತ ಎಲ್ಲರಿಗೂ ಗೊತ್ತು. ಪ್ರತಿ ಡಿಸ್ಕ್‌ನಲ್ಲೂ ಪ್ರೋಗ್ರಾಮಿನ ಹೆಸರು, ಏನು ಮಾಡುತ್ತದೆ, ಯಾವ ಆವೃತ್ತಿ, ಸೋರ್ಸ್ ಇದೆಯಾ ಇಲ್ಲವಾ, ಬರೆದವರು ಯಾರು ಅಂತ ಅಚ್ಚುಕಟ್ಟಾಗಿ ಇರುತ್ತಿತ್ತು. ಹೊಸ ಆವೃತ್ತಿಯಾದರೆ ಹಿಂದಿನದು ಯಾವ ಡಿಸ್ಕ್‌ನಲ್ಲಿದೆ ಅಂತಲೂ ಹೇಳುತ್ತಿದ್ದರು. ಫಿಶ್ 2007ರಲ್ಲಿ ತೀರಿಕೊಂಡರು. ಅವರ ಡಿಸ್ಕ್‌ಗಳನ್ನು ನಂಬರ್ ಪ್ರಕಾರ ಓದಿದರೆ ಅಮಿಗಾ ಬೆಳೆದ ಬಗೆ ವರ್ಷ ವರ್ಷವಾಗಿ ತಿಳಿಯುತ್ತದೆ. ಒಬ್ಬ ಮನುಷ್ಯನ ಇಂಥ ದುಡಿಮೆಯನ್ನು ಚೂರು ಚೂರು ಮಾಡಿ ಫೋಲ್ಡರ್‌ಗಳಿಗೆ ಹಂಚಲು ಮನಸ್ಸಾದರೂ ಹೇಗೆ ಬರುತ್ತದೆ?

ಪಿಸಿ ಕಡೆ ವಿಷಯ ಸ್ವಲ್ಪ ಬೇರೆ. 1982ರಲ್ಲಿ ಆಂಡ್ರ್ಯೂ ಫ್ಲೂಗಲ್‌ಮನ್ ಅವರ ಪಿಸಿ-ಟಾಕ್, ಜಿಮ್ ನಾಫ್ ಅವರ ಪಿಸಿ-ಫೈಲ್, ಮರುವರ್ಷ ಬಾಬ್ ವ್ಯಾಲೇಸ್ ಅವರ ಪಿಸಿ-ರೈಟ್ ಬಂದವು. ಇವನ್ನು ಕಾಪಿ ಮಾಡಿ ಹಂಚಬಹುದು, ಆದರೆ ಇಷ್ಟವಾದರೆ ಬರೆದವರಿಗೆ ದುಡ್ಡು ಕಳಿಸಿ ಅಂತ ಒಳಗೇ ಕೇಳುತ್ತಿದ್ದರು. ಶೇರ್‌ವೇರ್ ಅಂತ ಬೆಳೆದದ್ದು ಇದೇ. ಕ್ಯಾಲಿಫೋರ್ನಿಯಾದ ಪಿಸಿ-ಸಿಗ್ ಇಂಥವನ್ನೂ ಪೂರ್ತಿ ಬಿಟ್ಟುಕೊಟ್ಟವನ್ನೂ ಒಟ್ಟಿಗೆ ಸೇರಿಸಿ ನಂಬರ್ ಹಾಕಿ ಮಾರಿತು. ಅದು ಕ್ಲಬ್ಬಿಗಿಂತ ಅಂಗಡಿಗೆ ಹತ್ತಿರ. ಅದನ್ನು ತಪ್ಪು ಅನ್ನಲಾರೆ, ಕ್ಲಬ್ ಇಲ್ಲದ ಊರಿನವರಿಗೂ ಡಿಸ್ಕ್ ತಲುಪಿತು.

ಆದರೆ ಇಲ್ಲೊಂದು ತೊಡಕು ಇದೆ. ಲೈಬ್ರರಿಯ ಮೇಲೆ "ಪಬ್ಲಿಕ್ ಡೊಮೈನ್" (ಯಾರ ಕಾಪಿರೈಟೂ ಇಲ್ಲದ್ದು) ಅಂತ ಬರೆದಿದ್ದರೂ ಒಳಗಿದ್ದ ಎಲ್ಲವೂ ಕಾನೂನಿನ ಲೆಕ್ಕದಲ್ಲಿ ಹಾಗಿರಲಿಲ್ಲ. ಅಮೆರಿಕದಲ್ಲಿ 1989ರ ಮಾರ್ಚ್ 1ಕ್ಕೆ ಮುಂಚೆ ಪ್ರಕಟವಾದ ಕೃತಿಯ ಮೇಲೆ ಕಾಪಿರೈಟ್ ಸೂಚನೆ ಇತ್ತಾ ಇಲ್ಲವಾ ಅನ್ನುವುದು ಮುಖ್ಯವಾಗುತ್ತಿತ್ತು. ಆ ದಿನದಿಂದ ಸೂಚನೆ ಬೇಕಿಲ್ಲ, ಅದಿಲ್ಲದೆಯೂ ಹಕ್ಕು ಉಳಿಯುತ್ತದೆ. ಡಿಸ್ಕ್‌ಗಳಲ್ಲಿ ಎಲ್ಲ ಥರದ್ದೂ ಇವೆ. ಒಬ್ಬರು "ಏನು ಬೇಕಾದರೂ ಮಾಡಿಕೊಳ್ಳಿ" ಅಂತ ಬರೆದಿರುತ್ತಾರೆ. ಇನ್ನೊಬ್ಬರು "ಹಂಚಿ, ಆದರೆ ಮಾರಬೇಡಿ" ಅಂದಿರುತ್ತಾರೆ. ಮತ್ತೊಬ್ಬರು ಕಾಪಿರೈಟ್ ತಮ್ಮದೇ ಅಂತ ಹೇಳಿ, ಕ್ಲಬ್‌ಗಳಿಗೆ ಮಾತ್ರ ಅನುಮತಿ ಕೊಟ್ಟಿರುತ್ತಾರೆ. ಬರೆದವರು ಏನು ಒಪ್ಪಿದ್ದರು ಅಂತ ತಿಳಿಯಲು ನಮಗೆ ಈಗ ಇರುವ ಸಾಕ್ಷಿ ಆ ರೀಡ್‌ಮಿ ಫೈಲ್, ಆ ತಲೆಸಾಲು, ಆ ಕ್ಯಾಟಲಾಗ್. ಅವುಗಳನ್ನು ಬಿಟ್ಟು ಪ್ರೋಗ್ರಾಂ ಒಂದನ್ನೇ ಎತ್ತಿಕೊಂಡು ಬಂದರೆ ಅದು ತಂದೆ ತಾಯಿ ಗೊತ್ತಿಲ್ಲದ ಫೈಲ್ ಆಗುತ್ತದೆ. ಬರೆದವರಿಗೂ ಅನ್ಯಾಯ, ಬಳಸುವವರಿಗೂ ಗೊಂದಲ.

ಡಿಸ್ಕ್ ಲೈಬ್ರರಿಗಳ ಕಾಲ ಮುಗಿದದ್ದು ಮೊದಲು ಬುಲೆಟಿನ್ ಬೋರ್ಡ್‌ಗಳಿಂದ, ಆಮೇಲೆ ಸಿಡಿಗಳಿಂದ, ಕೊನೆಗೆ ಇಂಟರ್ನೆಟ್‌ನಿಂದ. 1991ರಲ್ಲಿ ಶುರುವಾದ ವಾಲ್ನಟ್ ಕ್ರೀಕ್ ಸಿಡಿರಾಮ್ ಕಂಪನಿ ದೊಡ್ಡ ದೊಡ್ಡ ಸಂಗ್ರಹಗಳನ್ನು ಸಿಡಿಗೆ ತುಂಬಿ ಮಾರಿತು. ಒಂದು ಸಿಡಿಯಲ್ಲಿ ಸುಮಾರು ಎರಡೂವರೆ ಸಾವಿರ 8 ಇಂಚಿನ ಫ್ಲಾಪಿಗಳು ಹಿಡಿಸುತ್ತವೆ. ಇನ್ನು ತಿಂಗಳಿಗೊಮ್ಮೆ ಸೇರಿ ಒಂದೊಂದೇ ಡಿಸ್ಕ್ ಕಾಪಿ ಮಾಡಿಕೊಳ್ಳುವವರು ಯಾರು? ಹದಿಮೂರು ವರ್ಷದ ಜೊನಾಥನ್ ರೋಟೆನ್‌ಬರ್ಗ್ 1977ರಲ್ಲಿ ಶುರು ಮಾಡಿ ಬೃಹತ್ತಾಗಿ ಬೆಳೆದಿದ್ದ ಬೋಸ್ಟನ್ ಕಂಪ್ಯೂಟರ್ ಸೊಸೈಟಿ ಕೂಡ 1996ರಲ್ಲಿ ಮುಚ್ಚಿತು. ಆದರೂ ಆ ಸಿಡಿಗಳಿಗೆ ನಾವು ಋಣಿಗಳು. ಎಷ್ಟೋ ಗುಂಪುಗಳ ಮೂಲ ಫ್ಲಾಪಿಗಳು ಬೂಷ್ಟು ಹಿಡಿದು ಹೋದ ಮೇಲೂ ಒಳಗಿದ್ದದ್ದು ಉಳಿದದ್ದು ಅವುಗಳಿಂದ.

ನಿಮ್ಮ ಹತ್ತಿರ ಇಂಥ ಡಿಸ್ಕ್‌ಗಳ ಪೆಟ್ಟಿಗೆ ಇದ್ದರೆ, ದಯವಿಟ್ಟು ಅವಸರದಲ್ಲಿ ಡ್ರೈವ್‌ಗೆ ಹಾಕಬೇಡಿ. ಮೊದಲು ಬೆಳಕಿಗೆ ಹಿಡಿದು ನೋಡಿ. ಮೇಲ್ಮೈಯಲ್ಲಿ ಬೂಷ್ಟು ಇದ್ದರೆ ಅದು ಡ್ರೈವಿನ ಹೆಡ್‌ಗೆ ಮೆತ್ತಿಕೊಂಡು ಆ ಡಿಸ್ಕನ್ನೂ ಮುಂದಿನ ಡಿಸ್ಕ್‌ಗಳನ್ನೂ ಗೀರುತ್ತದೆ. ಬರೆಯಲಾಗದಂತೆ ಕಚ್ಚನ್ನು ಸರಿಮಾಡಿ, 8 ಇಂಚಿನದು ತಲೆಕೆಳಗು ಅನ್ನುವುದು ನೆನಪಿರಲಿ. ಓದಲು ಗ್ರೀಸ್‌ವೀಜಲ್, ಕ್ರಯೋಫ್ಲಕ್ಸ್ ಥರದ ಬೋರ್ಡ್‌ಗಳಿವೆ, ಆಪಲ್ ಡಿಸ್ಕ್‌ಗಳಿಗೆ ಆಪಲ್‌ಸಾಸ್ ಇದೆ. ಇವು ಫೈಲ್‌ಗಳನ್ನಲ್ಲ, ಡಿಸ್ಕ್ ಮೇಲಿನ ಅಯಸ್ಕಾಂತದ ಏರಿಳಿತವನ್ನೇ ಹಾಗೆಹಾಗೇ ದಾಖಲಿಸುತ್ತವೆ. ಇವತ್ತು ಓದಲಾಗದ ಫಾರ್ಮ್ಯಾಟ್ ನಾಳೆ ಯಾರಿಗಾದರೂ ಅರ್ಥವಾದರೆ ಅದೇ ದಾಖಲೆಯಿಂದ ಬಿಡಿಸಿಕೊಳ್ಳಬಹುದು, ಡಿಸ್ಕನ್ನು ಮತ್ತೆ ತಿರುಗಿಸಬೇಕಿಲ್ಲ. ಚೀಟಿಯ ಫೋಟೋ ತೆಗೆಯಿರಿ, ಕವರಿನ ಮೇಲೆ ಪೆನ್ನಿನಲ್ಲಿ ಬರೆದದ್ದನ್ನೂ ಸೇರಿಸಿ. ಗುಂಪಿನ ಅಚ್ಚಾದ ಕ್ಯಾಟಲಾಗ್ ಅಥವಾ ಪತ್ರಿಕೆ ಸಿಕ್ಕಿದರೆ ಡಿಸ್ಕ್‌ಗಿಂತ ಮೊದಲು ಅದನ್ನು ಸ್ಕ್ಯಾನ್ ಮಾಡಿ, ಯಾವ ನಂಬರ್ ಸಿಕ್ಕಿಲ್ಲ ಅಂತ ತಿಳಿಯುವುದು ಅದರಿಂದಲೇ. ಇಮೇಜ್ ಫೈಲಿಗೆ ಗುಂಪಿನ ಹೆಸರು, ಡಿಸ್ಕಿನ ನಂಬರ್ ಎರಡನ್ನೂ ಇಡಿ. ಆಟಗಳನ್ನು ಬೇರೆ ಫೋಲ್ಡರ್‌ನಲ್ಲಿ ಜೋಡಿಸಬೇಕು ಅನ್ನಿಸಿದರೆ ಖಂಡಿತ ಜೋಡಿಸಿ, ಇಡೀ ಡಿಸ್ಕಿನ ಇಮೇಜ್ ಪಕ್ಕದಲ್ಲಿ ಹಾಗೇ ಇರಲಿ, ಅಷ್ಟೇ ನಾನು ಕೇಳುವುದು. ಒಂದೇ ನಂಬರಿನ ಎರಡು ಡಿಸ್ಕ್ ಸಿಕ್ಕಿ, ಅವುಗಳ ಸಿಆರ್‌ಸಿ ಬೇರೆ ಬೇರೆ ಬಂದರೆ ಎರಡನ್ನೂ ಉಳಿಸಿ. ಒಂದು ಕೆಟ್ಟಿರಬಹುದು, ಇಲ್ಲವೇ ಯಾವುದೋ ಕ್ಲಬ್ಬಿನ ಲೈಬ್ರೇರಿಯನ್ ಅದರಲ್ಲಿ ಏನೋ ತಿದ್ದಿರಬಹುದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ಅದು ಗೊತ್ತಾಗುತ್ತದೆ.